ಡೈರೆಕ್ಟರಮ್ಮನ ಫುಟ್‌ಬಾಲ್ ಉದ್ಘಾಟನೆ

ಫುಟ್‌ಬಾಲ್ ಬಗ್ಗೆ ನನಗೆ ಗೊತ್ತಿದ್ದುದು ಎರಡೇ ಸಂಗತಿ. ಚೆಂಡನ್ನು ಕಾಲಿನಿಂದ ಒದೆಯಬೇಕು. ಅದು ನಮ್ಮ ಮನೆ ಕಿಟಕಿಗೆ ಬೀಳಬಾರದು. ಇಷ್ಟು ಅಪಾರ ಜ್ಞಾನವಿದ್ದ ನನ್ನನ್ನು ಜಯನಗರದ ನಮ್ಮ ಬಡಾವಣೆ ಸಂಘದವರು ಮಕ್ಕಳ ಫುಟ್‌ಬಾಲ್ ತಂಡಕ್ಕೆ ಡೈರೆಕ್ಟರ್ ಮಾಡಿಬಿಟ್ಟರು! ಅವರನ್ನು ದೂರುವ ಹಾಗಿಲ್ಲ. ವಿಮಾ ಕಚೇರಿಯಿಂದ ನಿವೃತ್ತಿಯಾಗುವ ತನಕ ಅಲ್ಲಿನ ಸಾಂಸ್ಕೃತಿಕ ಸಮಿತಿಗೆ ನಾನೇ ಕಾರ್ಯದರ್ಶಿ. ರಾಜ್ಯೋತ್ಸವವಿರಲಿ, ಬೀಳ್ಕೊಡುಗೆಯಿರಲಿ, ಪ್ರಾರ್ಥನೆಯಿಂದ ವಂದನಾರ್ಪಣೆಯವರೆಗೆ ಒಂದು ಹೂವೂ ಆಚೀಚೆಯಾಗದಂತೆ ನಡೆಸಿಕೊಟ್ಟವಳು. ಮೈಕು ನನ್ನ ಕೈಗೆ ಬಂದರೆ ವಾಪಸ್ ಹೋಗುವುದು ಕಷ್ಟ ಎಂಬ ಖ್ಯಾತಿಯೂ ಇತ್ತು.

"ಫುಟ್‌ಬಾಲಿಗೂ ನಿನಗೂ ಏನೇ ಸಂಬಂಧ?" ಎಂದರು ನಮ್ಮ ಯಜಮಾನರು, ಪೇಪರಿನಿಂದ ತಲೆ ಎತ್ತದೆ.

"ಆಡ್ಸೋಕೆ ಕೋಚ್ ಇದ್ದಾರೆ ರೀ. ನಂದು ಬರೀ ಆಡಳಿತ!"

ಕೋಚ್ ಎಂದರೆ ಬಸವರಾಜ. ಗದಗದ ಕಡೆಯ ಹುಡುಗ, ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದುಕೊಂಡು ಆಫೀಸಿಗೆ ಹೋಗುತ್ತಿದ್ದ. ಬೆಳಿಗ್ಗೆ ಮಕ್ಕಳಿಗೆ ಆಟ ಕಲಿಸುತ್ತಿದ್ದ. ಅವನು ಸೀಟಿ ಊದುತ್ತಿದ್ದ, ನಾನು ಕುರ್ಚಿ ಹಾಕಿಕೊಂಡು ಆಡಳಿತ ನಡೆಸುತ್ತಿದ್ದೆ. ಎಲ್ಲವೂ ಚೆನ್ನಾಗಿಯೇ ಇತ್ತು, ವಿಲ್ಸನ್ ಗಾರ್ಡನ್ ಮಕ್ಕಳ ಜೊತೆ ಪಂದ್ಯ ನಿಗದಿಯಾಗುವ ತನಕ.

ಹೋದ ಸಲ ಅವರ ಎದುರು ನಮ್ಮ ಮಕ್ಕಳು ಸೋತಿದ್ದರು. ಕೊನೇ ಗಳಿಗೆಯಲ್ಲಿ ನನ್ನ ಮೊಮ್ಮಗಳು ಚಿನ್ನು ಒದ್ದ ಚೆಂಡು ಗೋಲಿನ ಕಂಬಕ್ಕೆ ಬಡಿದು ವಾಪಸ್ ಬಂದಿತ್ತು. ಅಂದಿನಿಂದ ಆ ಹುಡುಗಿ ನಮ್ಮ ಮನೆ ಗೇಟನ್ನೇ ಗೋಲು ಮಾಡಿಕೊಂಡು ಒದ್ದೂ ಒದ್ದೂ ಗೇಟು ಸೊಟ್ಟಗಾಗಿತ್ತು.

"ಅಜ್ಜಿ, ಈ ಸಲ ನಾನು ಗೋಲ್ ಹೊಡೀತೀನಿ. ನೀನು ನೋಡ್ಲೇಬೇಕು. ಪ್ರಾಮಿಸ್?"

"ಪ್ರಾಮಿಸ್ ಕಣೇ ಬಂಗಾರ. ಕಣ್ಣು ಮಿಟುಕಿಸದೆ ನೋಡ್ತೀನಿ."

ಜೆ.ಪಿ. ನಗರದಲ್ಲಿ ಒಂದು ಟರ್ಫ್ ಸಿಕ್ಕಿತು. ಸುತ್ತ ಬಲೆ ಕಟ್ಟಿ, ನೆಲಕ್ಕೆ ಪ್ಲಾಸ್ಟಿಕ್ ಹುಲ್ಲು ಹಾಸಿದ ಮೈದಾನ. ಸಂಜೆ ಐದರಿಂದ ಆರು ನಮ್ಮದು. ಆರಕ್ಕೆ ಬೇರೆಯವರದು. ಅಲ್ಲಿಯವರೆಗೂ ಸರಿ. ಆದರೆ ಉದ್ಘಾಟನೆಯೇ ಇಲ್ಲದೆ ಒಂದು ಪಂದ್ಯ ಶುರುವಾಗುವುದು ಎಂದರೇನು? ಮುಹೂರ್ತವಿಲ್ಲದೆ ತಾಳಿ ಕಟ್ಟಿದ ಹಾಗೆ!

"ಚಿಕ್ಕದಾಗಿ, ಚೊಕ್ಕವಾಗಿ ಒಂದು ಸಮಾರಂಭ ಅಷ್ಟೆ," ಎಂದೆ.

"ನಿನ್ನ ಚಿಕ್ಕ ಸಮಾರಂಭ ನಾನು ನೋಡಿಲ್ವಾ? ಅಷ್ಟು ಹೊತ್ತಲ್ಲಿ ನಮ್ಮ ಮದುವೆ ಎರಡು ಸಲ ಆಗೋಗಿರೋದು," ಎಂದರು ಯಜಮಾನರು.

ಪಂದ್ಯದ ದಿನ ಸರಿಯಾಗಿ ಐದಕ್ಕೆ ಮಕ್ಕಳು ಬೂಟು ಬಿಗಿದು ಸಾಲಾಗಿ ನಿಂತರು. ಮುಖ್ಯ ಅತಿಥಿ ಮಾತ್ರ ಬಂದಿರಲಿಲ್ಲ. ಅವರು ನಮ್ಮ ಬೀದಿಯ ನಿವೃತ್ತ ಇಂಜಿನಿಯರ್ ರಾಮಸ್ವಾಮಿ. ಫೋನ್ ಮಾಡಿದರೆ, "ಬಂದೆ ಮೇಡಂ, ಬನಶಂಕರಿ ಬಸ್ ಸ್ಟ್ಯಾಂಡ್ ಹತ್ರ ಇದೀನಿ, ಗಾಡಿಗಳು ಅಲ್ಲಾಡ್ತಾನೇ ಇಲ್ಲ," ಎಂದರು. ಅತಿಥಿಗಳಿಲ್ಲದೆ ಆರಂಭಿಸುವುದು ಶಿಷ್ಟಾಚಾರವೇ? ಕಾದೆವು. ಅಷ್ಟರಲ್ಲಿ ಅವಲಕ್ಕಿ ಪೊಟ್ಟಣ ಹಂಚಿಸಿದೆ, ಸಮಯ ಉಳಿಯಲೆಂದು!

ಅವರು ಬಂದರು. ನಾನು ಟರ್ಫಿನ ನಟ್ಟನಡುವೆ ದೀಪದ ಕಂಬ ಇಟ್ಟು ಎಣ್ಣೆ ಹೊಯ್ದೆ. ದೀಪ ಬೆಳಗುವಾಗ ಬೂಟು ಹಾಕಿರಬಾರದಲ್ಲ! "ಎಲ್ಲಾ ಮಕ್ಕಳು ಬೂಟ್ ಬಿಚ್ಚಿ!" ಎಂದು ಮೈಕಿನಲ್ಲಿ ಆಜ್ಞೆ ಮಾಡಿದೆ. ಪಾಪ, ಬಿಚ್ಚಿದವು. ಕಡ್ಡಿ ಗೀರುವಷ್ಟರಲ್ಲಿ ಟರ್ಫಿನ ಮ್ಯಾನೇಜರ್ ಕೈ ಬೀಸುತ್ತಾ ಓಡಿ ಬಂದ.

"ಮೇಡಂ, ಮೇಡಂ! ಇದು ಪ್ಲಾಸ್ಟಿಕ್ ಹುಲ್ಲು! ಬೆಂಕಿ ತಾಗಿದ್ರೆ ಇಡೀ ಟರ್ಫ್ ಹೋಯ್ತು!"

ಸರಿ, ದೀಪವನ್ನು ಗೇಟಿನಾಚೆಗೆ ಸಾಗಿಸಿದೆವು. ಹಿಂದೆಯೇ ಅತಿಥಿಗಳು, ಅವರ ಹಿಂದೆ ಅಪ್ಪ ಅಮ್ಮಂದಿರು, ಕೊನೆಗೆ ಬರಿಗಾಲಿನ ಎರಡೂ ತಂಡ. ಹೊರಗೆ ಗಾಳಿ. ನಾವು ಹಚ್ಚುವುದು, ಅದು ಆರುವುದು. ನನ್ನ ಸೆರಗು, ಯಜಮಾನರ ಪೇಪರು ಎಲ್ಲವನ್ನೂ ಅಡ್ಡ ಹಿಡಿದು ಅಂತೂ ದೀಪ ಬೆಳಗಿತು. ಪಕ್ಕದ ಮನೆ ವಿಶಾಲಾಕ್ಷಿ ಪ್ರಾರ್ಥನೆ ಶುರು ಮಾಡಿದರು. ಆಕೆಗೆ ಹಾಡಿನ ಎಲ್ಲಾ ಚರಣವೂ ಬಾಯಿಪಾಠವೆಂಬುದು ಅಂದೇ ನನಗೆ ತಿಳಿದದ್ದು.

ವಾಪಸ್ ಬಂದು ನೋಡಿದರೆ ಬೂಟುಗಳೆಲ್ಲ ಕಲಸಿಹೋಗಿದ್ದವು. ಎರಡೂ ತಂಡದ್ದು ಒಂದೇ ಕಪ್ಪು ಬಣ್ಣ! "ಇದು ನಂದು", "ಅಲ್ಲ, ನಂದು ಕಣೋ" ಎಂದು ಮಕ್ಕಳು ಗುದ್ದಾಡುತ್ತಿರುವಾಗ ನಾನು ವೇಳೆ ವ್ಯರ್ಥವಾಗದಿರಲೆಂದು ಸನ್ಮಾನ ಆರಂಭಿಸಿದೆ. ರಾಮಸ್ವಾಮಿಯವರಿಗೆ ಶಾಲು, ಹಾರ, ಮೈಸೂರು ಪೇಟ. ಸಂಘದ ಅಧ್ಯಕ್ಷರಿಗೂ ಅದೇ. ಅಷ್ಟರಲ್ಲಿ ವಿಲ್ಸನ್ ಗಾರ್ಡನ್ ತಂಡದ ಮ್ಯಾನೇಜರ್ ಮುಖ ಊದಿಸಿಕೊಂಡದ್ದು ಕಂಡಿತು. ಎದುರಾಳಿಗಳಿಗೆ ಪೇಟವಿಲ್ಲ! ನಮ್ಮ ಅಧ್ಯಕ್ಷರ ತಲೆಯಿಂದಲೇ ಮೆಲ್ಲಗೆ ತೆಗೆದು ಅವರಿಗೆ ತೊಡಿಸಿದೆ. ಈಗ ನಮ್ಮ ಅಧ್ಯಕ್ಷರ ಮುಖ ಊದಿತು.

ಬಸವರಾಜ ನನ್ನ ಹತ್ತಿರ ಬಂದು ಪಿಸುಗುಟ್ಟಿದ. "ಮೇಡಮ್ಮಾರ, ಆಟ ಯಾವಾಗ ಚಾಲೂ ಮಾಡೂದ್ರಿ? ಹುಡುಗ್ರು ಕುಂತ್ ಕುಂತ್ ಸಾಕಾಗ್ಯಾರ್ರಿ."

"ಎರಡೇ ಮಾತು ಬಸವರಾಜ್. ಅತಿಥಿಗಳು ಬಂದಿದ್ದಾರೆ, ಮಾತಾಡ್ಸದೆ ಕಳ್ಸೋಕಾಗತ್ತಾ?"

ರಾಮಸ್ವಾಮಿಯವರು ಎರಡು ಮಾತು ಆಡಿದರು. ಮೊದಲನೆಯದು ಕ್ರೀಡೆಯ ಬಗ್ಗೆ. ಎರಡನೆಯದು ನಮ್ಮ ಬಡಾವಣೆಗೆ ಕಾವೇರಿ ನೀರು ಬಂದ ಬಗ್ಗೆ. ಕೊಳವೆ ಹಾಕಿದ ಒಂದೊಂದು ಕ್ರಾಸನ್ನೂ ಹೆಸರು ಹಿಡಿದು ಸ್ಮರಿಸಿದರು. ಪ್ಲಾಸ್ಟಿಕ್ ಹುಲ್ಲಿನ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತಿದ್ದ ಚಿನ್ನು ನನ್ನನ್ನೇ ನೋಡುತ್ತಿದ್ದಳು. ನಾನು ನಗುತ್ತಾ ಕೈ ಬೀಸಿದೆ. ಅವಳು ಬೀಸಲಿಲ್ಲ.

ಕೊನೆಗೆ ವಂದನಾರ್ಪಣೆ. ಅದು ನನ್ನ ಸ್ವಂತ ಇಲಾಖೆ. ಯಾರನ್ನೂ ಬಿಡಲಿಲ್ಲ. ಕುರ್ಚಿಯವರು, ಮೈಕಿನವರು, ಅವಲಕ್ಕಿಗೆ ಒಗ್ಗರಣೆ ಹಾಕಿದವರು, ಬೆಂಕಿಯ ವಿಷಯದಲ್ಲಿ ನಮ್ಮನ್ನು ಎಚ್ಚರಿಸಿದ ಮ್ಯಾನೇಜರ್ ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆ! ನಂತರ ರಾಮಸ್ವಾಮಿಯವರು ಚೆಂಡನ್ನು ಒದ್ದು ಪಂದ್ಯಕ್ಕೆ ಚಾಲನೆ ಕೊಡಬೇಕಿತ್ತು. ಭರ್ಜರಿಯಾಗಿ ಒದ್ದರು. ಚೆಂಡು ಅಲ್ಲೇ ಉಳಿಯಿತು. ಚಪ್ಪಲಿ ಬಲೆಯ ಮೇಲಿಂದ ಹಾರಿ ಹಿಂದಿನ ಖಾಲಿ ಸೈಟಿಗೆ ಬಿತ್ತು.

ಬಸವರಾಜ ಸೀಟಿಯನ್ನು ಬಾಯಿಗಿಟ್ಟ. ಆಗಲೇ ಗೇಟು ತೆರೆದು ಒಂದಷ್ಟು ಆಫೀಸಿನ ಹುಡುಗರು ಬಂದರು. "ಆಂಟಿ, ಆರಾಯ್ತು. ನಮ್ ಸ್ಲಾಟ್."

ಉದ್ಘಾಟನೆ ಮುಗಿದಿತ್ತು. ಪಂದ್ಯವೂ ಮುಗಿದಿತ್ತು, ಶುರುವಾಗದೆಯೇ!

ನಾನು ಆ ಹುಡುಗರ ಮುಂದೆ ಅಂಗಲಾಚಿದೆ. ಟರ್ಫಿನ ಮ್ಯಾನೇಜರ್ ಮುಂದೆಯೂ. ಆಗಲಿಲ್ಲ. ಚಿನ್ನು ಕೂತು ಬೂಟಿನ ದಾರ ಬಿಚ್ಚತೊಡಗಿದಳು. ಅಷ್ಟೂ ಜನಕ್ಕೆ ಕೃತಜ್ಞತೆ ಹೇಳಿದವಳು ಇಡೀ ಸಂಜೆ ಆ ಮಕ್ಕಳನ್ನೇ ಮರೆತಿದ್ದೆ.

"ದಾರ ಬಿಚ್ಚಬ್ಯಾಡವ್ವ ಚಿನ್ನು," ಎಂದ ಬಸವರಾಜ. "ಹಿಂದ ಖಾಲಿ ಸೈಟ್ ಐತಲ್ಲ, ಇನ್ನೂ ಬೆಳಕೈತಿ. ಅಲ್ಲೇ ಆಡೂಣು ನಡೀರಿ!"

ಎರಡೂ ತಂಡದ ಮಕ್ಕಳು ಹೋ ಎಂದು ಓಡಿದರು. ಖಾಲಿ ಸೈಟಿನಲ್ಲಿ ಗೋಲಿಗೆ ಕಂಬವೆಲ್ಲಿ? ಚಿನ್ನು ಸೀದಾ ರಾಮಸ್ವಾಮಿಯವರ ಬಳಿ ಹೋಗಿ, "ತಾತ, ಪೇಟ ಕೊಡಿ," ಎಂದಳು. ಒಂದು ಕಡೆಯ ಗೋಲಿಗೆ ಎರಡು ಪೇಟ, ಇನ್ನೊಂದು ಕಡೆಗೆ ಸುತ್ತಿಟ್ಟ ಶಾಲುಗಳು. ಸನ್ಮಾನದ ಸಾಮಾನು ಮೊದಲ ಸಲ ಉಪಯೋಗಕ್ಕೆ ಬಂತು!

ಆಟ ಶುರುವಾಯಿತು. ನಾನು ಕಣ್ಣು ಮಿಟುಕಿಸದೆ ನಿಂತೆ. ಅಷ್ಟರಲ್ಲಿ ರಾಮಸ್ವಾಮಿಯವರು ಒಂಟಿ ಚಪ್ಪಲಿಯಲ್ಲಿ ಕುಂಟುತ್ತಾ ಬಂದರು. "ಮೇಡಂ, ನಂದು ಇನ್ನೊಂದು..." ಅತಿಥಿಗಳನ್ನು ಬರಿಗಾಲಲ್ಲಿ ಕಳಿಸುವುದುಂಟೇ? ಗಿಡಗಂಟಿಯೊಳಗೆ ಬಗ್ಗಿ ಹುಡುಕುತ್ತಿದ್ದಾಗ "ಗೋಲ್!" ಎಂಬ ಕೂಗು ಕೇಳಿತು. ಚಪ್ಪಲಿ ಹಿಡಿದು ತಿರುಗಿದರೆ ಚಿನ್ನುವನ್ನು ಎಲ್ಲರೂ ಎತ್ತಿ ಕುಣಿಸುತ್ತಿದ್ದರು.

"ನೋಡಿದ್ಯಾ ಅಜ್ಜಿ?" ಎಂದು ಅಲ್ಲಿಂದಲೇ ಕೂಗಿದಳು.

ನಾನು ಉತ್ತರವಾಗಿ ಚಪ್ಪಲಿ ಎತ್ತಿ ತೋರಿಸಿದೆ. ಬೇರೇನು ಮಾಡಲಿ?

ಆಮೇಲೆ ವಿಲ್ಸನ್ ಗಾರ್ಡನ್‌ನವರೂ ಒಂದು ಗೋಲು ಹೊಡೆದರು. ಸಮಸಮ. ಕತ್ತಲಾಗುತ್ತಿತ್ತು. "ಲಾಸ್ಟ್ ಮಿನಿಟ್ ರೀ!" ಎಂದು ಬಸವರಾಜ ಕೂಗಿದ. ಆಗಲೇ ರಾಮಸ್ವಾಮಿಯವರು ಮತ್ತೆ ನನ್ನ ಕಿವಿಯ ಬಳಿ ಬಂದರು.

"ಹೊರಡ್ತೀನಿ ಮೇಡಂ. ಆ ಪೇಟ ಒಂದು ಕೊಡ್ಸಿಬಿಟ್ರೆ... ಮನೇಲಿ ತೋರಿಸ್ಬೇಕು."

ಹಳೇ ಚಾಳಿ. ಅತಿಥಿ ಕೇಳಿದ ಮೇಲೆ ಕಾಲು ತಾನಾಗಿಯೇ ನಡೆಯಿತು. ಗೋಲಿನೊಳಗೆ ಹೋಗಿ ಪೇಟಕ್ಕೆ ಬಗ್ಗಿದೆ. "ಅಜ್ಜೀ, ಪಕ್ಕಕ್ಕೆ!" ಎಂಬ ಕೂಗಿಗೆ ಎದ್ದು ನಿಂತೆ. ಚಿನ್ನು ಒದ್ದಿದ್ದಳು. ಗೋಲ್‌ಕೀಪರನನ್ನು ದಾಟಿ, ಗೆಲುವಿನತ್ತ ನೇರವಾಗಿ ಬರುತ್ತಿದ್ದ ಚೆಂಡು ನನ್ನ ಹೊಟ್ಟೆಗೆ ಬಡಿದು ಹೊರಗೆ ಉರುಳಿತು. ಬಸವರಾಜ ಸೀಟಿ ಊದಿದ. ಪಂದ್ಯ ಡ್ರಾ!

ಹೊಡೆದ ಗೋಲನ್ನು ನೋಡಲಿಲ್ಲ. ನೋಡಿದ ಗೋಲನ್ನು ಹೊಡೆಯಲು ಬಿಡಲಿಲ್ಲ.

ಚಿನ್ನು ಓಡಿ ಬಂದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ನನ್ನ ಮುಖ ನೋಡಿ, ಕೈಯಲ್ಲಿದ್ದ ಪೇಟ ನೋಡಿ, ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದಳು. ನಾನೂ ಹೊಟ್ಟೆ ಹಿಡಿದುಕೊಂಡೇ ಇದ್ದೆ, ಕಾರಣ ಮಾತ್ರ ಬೇರೆ. ಅವಳು ಆ ಕಡೆಯ ಗೋಲಿನಿಂದ ಮಣ್ಣು ಮೆತ್ತಿದ ಶಾಲು ತಂದು ನನಗೆ ಹೊದಿಸಿ, ಅಪ್ಪಚ್ಚಿಯಾದ ಪೇಟವನ್ನು ತಲೆಗಿಟ್ಟು, "ಇವತ್ತಿನ ಬೆಸ್ಟ್ ಗೋಲ್‌ಕೀಪರ್ ನಮ್ಮಜ್ಜಿ!" ಎಂದು ಘೋಷಿಸಿದಳು.

"ಎರಡು ಮಾತು ಆಡು!" ಎಂದು ಹಿಂದಿನಿಂದ ಕೂಗಿದವರು ಬೇರೆ ಯಾರೂ ಅಲ್ಲ, ನಮ್ಮ ಯಜಮಾನರು.

ಬಾಯಿ ತೆರೆದೆ. ಉಸಿರೇ ಬರಲಿಲ್ಲ. ಸುಮ್ಮನೆ ಕೈ ಮುಗಿದೆ.

ನನ್ನ ಜೀವಮಾನದಲ್ಲಿ ಮಾಡಿದ ಅತಿ ಚಿಕ್ಕ ಭಾಷಣ ಅದು. ಅಷ್ಟು ದೊಡ್ಡ ಚಪ್ಪಾಳೆ ಬಂದದ್ದೂ ಅದಕ್ಕೊಂದಕ್ಕೇ!