ಮೇಲೆ-ಕೆಳಗೆ ಆಡಿದ ತಲೆ

ಸೆಪ್ಟೆಂಬರಿನ ಒಂದು ಶನಿವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಪ್ಲೋವ್ದಿವ್ ನಗರದ ಕಟ್ಟಡವೊಂದರ ಏಳನೇ ಮಹಡಿಯ ಬಾಲ್ಕನಿಯಲ್ಲಿ ಸ್ತೋಯಾಂಕಾ ಚಳಿಗಾಲದ ಗೊಜ್ಜಿಗೆಂದು ಕೆಂಪು ದಪ್ಪಮೆಣಸಿನಕಾಯಿ ಸುಡುತ್ತಿದ್ದರು. ಹದಿನಾಲ್ಕು ಸುಟ್ಟಾಗಿತ್ತು. ಹದಿನೈದನೆಯದನ್ನು ಕೈಯಲ್ಲಿ ಹಿಡಿದೇ ಮಗಳ ಮೇಲೆ ಹರಿಹಾಯುತ್ತಿದ್ದರು.

ಸ್ತೋಯಾಂಕಾ: ನಾನು ಒಪ್ಪಿದೆ ಅಂತ ನಿಂಗ್ಯಾರೇ ಹೇಳಿದ್ದು?

ರಲಿತ್ಸಾ: ನೀನೇ ಅಮ್ಮ, ಈಸ್ಟರ್ ದಿನ. "ಇನ್ನೊಂದು ಮಗು ಆದ್ರೆ, ಆರು ತಿಂಗಳಾದ್ಮೇಲೆ ನೀವು ಕೆಲಸಕ್ಕೆ ರಜೆ ಹಾಕಿ ನೋಡ್ಕೊಳ್ತೀರಾ ಅತ್ತೆ?" ಅಂತ ಇವನು ಕೇಳಿದ್ನಂತಲ್ಲ.

ಸ್ತೋಯಾಂಕಾ: ಬಾಯಿ ತುಂಬಾ ಮೊಟ್ಟೆ ಇತ್ತು ಕಣೇ! ಮಾತೆಲ್ಲಿಂದ ಬರುತ್ತೆ?

ಅಳಿಯ ಮಿಯೋದ್ರಾಗ್ ಬಾಗಿಲಲ್ಲಿ ನಿಂತಿದ್ದ. ಗಡಿಯಾಚೆ ಸರ್ಬಿಯಾದವನು.

ಮಿಯೋದ್ರಾಗ್: ಮಾತಾಡ್ಲಿಲ್ಲ ಅತ್ತೆ. ತಲೆ ಆಡ್ಸಿದ್ರಿ. ಮೇಲೆ, ಕೆಳಗೆ.

ಸ್ತೋಯಾಂಕಾ: ಅಯ್ಯೋ ಪುಣ್ಯಾತ್ಮ! ಮೇಲೆ ಕೆಳಗೆ ಅಂದ್ರೆ ನಮ್ಮಲ್ಲಿ 'ಇಲ್ಲ' ಅಂತ!

ಮಿಯೋದ್ರಾಗ್: ನಮ್ಮಲ್ಲಿ 'ಹೌದು' ಅಂತ.

ಸ್ತೋಯಾಂಕಾ: ಎಂಟು ವರ್ಷದಿಂದ ನನ್ನ ಕೈಯಡಿಗೆ ತಿಂತಿದೀಯ. ನನ್ನ ತಲೆ ಯಾವ ಕಡೆ ಆಡಿದ್ರೆ ಏನು ಅಂತ ಇನ್ನೂ ಗೊತ್ತಾಗ್ಲಿಲ್ವಾ?

ಮಿಯೋದ್ರಾಗ್: ಹೋಲಿಸಿ ನೋಡೋಕೆ ಇನ್ನೊಂದು ಬೇಕಲ್ಲ ಅತ್ತೆ. ಈ ಎಂಟು ವರ್ಷದಲ್ಲಿ ನಂಗೆ ನೀವು ಒಂದ್ಸಲಾನೂ 'ಹೌದು' ಅಂದಿಲ್ಲ.

ರಲಿತ್ಸಾ ನಗು ತಡೆಯಲು ಸೌಟನ್ನು ಬಾಯಿಗೆ ಅಡ್ಡ ಹಿಡಿದಳು.

ಸ್ತೋಯಾಂಕಾ: ಹಲ್ಲು ಬಿಡ್ಬೇಡ. ಇದೆಲ್ಲ ಇನ್ನೂ ಯೋಚನೆ ತಾನೇ?

ರಲಿತ್ಸಾ: ಯೋಚನೆಗೆ ಈಗ ಹನ್ನೊಂದು ವಾರ ಅಮ್ಮ.

ಹದಿನೈದನೇ ಮೆಣಸಿನಕಾಯಿ ಕೈಜಾರಿ ಏಳು ಮಹಡಿ ಇಳಿಯಿತು. ಕೆಳಗೆ ಯಾರೋ ಬೈದರು.

ಸ್ತೋಯಾಂಕಾ: ಕುಣಿತದ ಗುಂಪು ಸೇರಿದೀನಿ ಕಣೇ! ಮುಂದಿನ ಅಕ್ಟೋಬರಿಗೆ ವಾರ್ನಾದಲ್ಲಿ ಕುಣೀಬೇಕು, ಲಂಗ ಕೂಡ ಹೊಲಿಸಾಯ್ತು. ನಿಮ್ಮ ದೊಡ್ಡ ಮಗಳು ಕಾಲಿನಾನ ನಾಲ್ಕು ವರ್ಷ ಎತ್ತಿ ಆಡ್ಸಿದ ಸೊಂಟ ಇದು. ಈಗಷ್ಟೇ ನನ್ನ ಮಾತು ಕೇಳ್ತಿದೆ.

ರಲಿತ್ಸಾ: ನೀನು ಆಗಲ್ಲ ಅಂದ್ರೆ ನಾನು ಕೆಲಸ ಬಿಡ್ಬೇಕು. ನೀನಿದೀಯ ಅಂತಲೇ ನಾವು ಧೈರ್ಯ ಮಾಡಿದ್ದು ಅಮ್ಮ.

ಸ್ತೋಯಾಂಕಾ ಹದಿನಾರನೆಯದನ್ನು ಒಲೆಗೆ ಇಟ್ಟರು. ಅದರ ಸಿಪ್ಪೆ ಕಪ್ಪಾಗುವವರೆಗೂ ತಿರುಗಿಸಿದರು.

ಸ್ತೋಯಾಂಕಾ: ಮಂಗಳವಾರ, ಗುರುವಾರ ಸಂಜೆ ಐದಾದ್ಮೇಲೆ ನಾನು ಯಾರಿಗೂ ಅಜ್ಜಿ ಅಲ್ಲ.

ಮಿಯೋದ್ರಾಗ್: ಸರಿ ಅತ್ತೆ.

ಸ್ತೋಯಾಂಕಾ: ನಾನು ವಾರ್ನಾಗೆ ಹೋದ ಮೂರು ದಿನ ನೀನು ರಜೆ ಹಾಕ್ಬೇಕು. ನಿಮ್ಮಮ್ಮನ್ನ ಕರೆಸ್ಬಾರ್ದು.

ಮಿಯೋದ್ರಾಗ್: ಕರೆಸಲ್ಲ. ಹಾಗಿದ್ರೆ ನೋಡ್ಕೊಳ್ತೀರಾ?

ಸ್ತೋಯಾಂಕಾ ತಲೆಯನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ಆಡಿಸಿದರು. ಅಳಿಯನ ಮುಖ ಬಾಡಿತು.

ರಲಿತ್ಸಾ: ಪೆದ್ದ! ಅದು 'ಹೌದು'!

ಮಿಯೋದ್ರಾಗ್: ಇದೇನಾ ಅದು? ಇನ್ಮೇಲೆ ದಯವಿಟ್ಟು ಬಾಯಲ್ಲಿ ಹೇಳಿ ಅತ್ತೆ.

ಸ್ತೋಯಾಂಕಾ: ಮೊಮ್ಮಕ್ಕಳು ಬೇಕು ಅಂತ ನಾನು ಯಾವತ್ತಾದ್ರೂ ಬಾಯಿಬಿಟ್ಟು ಕೇಳಿದ್ನೇನೋ?

ರಲಿತ್ಸಾ ಮೊಬೈಲಿನಲ್ಲಿ ತಮ್ಮ ಮದುವೆಯ ವಿಡಿಯೊ ಹಚ್ಚಿದಳು. ಅದರಲ್ಲಿ ಎಂಟು ವರ್ಷ ಚಿಕ್ಕವರಾದ ಸ್ತೋಯಾಂಕಾ ಮದುಮಕ್ಕಳ ಬಾಯಿಗೆ ಜೇನು ತಿನ್ನಿಸಿ, ವಾದ್ಯದವನ ಕೈಯಿಂದ ಮೈಕು ಕಿತ್ತುಕೊಂಡು, ಇನ್ನೂರು ಜನರೆದುರು ಕೂಗುತ್ತಿದ್ದರು:

"ಐದು ಬೇಕು!"