ಚುಕ್ಕಿಯ ಬಾಲ

"ಆಯ್ಕೆ ಅಂದ್ರೆ ಹೇಗಿರ್ಬೇಕು ಅಂತ ಈ ಸಲ ಇಡೀ ಹೊಂಕಾವಾರಾ ಊರಿಗೇ ತೋರಿಸ್ತೀನಿ," ಎಂದು ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಆರ್ವೊ ಕಾಫಿ ಲೋಟವನ್ನು ಮೇಜಿಗೆ ಕುಟ್ಟಿ ಘೋಷಿಸಿದ. ಎದುರಿಗೆ ಕೂತಿದ್ದ ಹೆಂಡತಿ ಸಿರ್ಕಾ ಬ್ರೆಡ್ಡಿಗೆ ಬೆಣ್ಣೆ ಹಚ್ಚುವುದನ್ನು ನಿಲ್ಲಿಸಲಿಲ್ಲ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಇಂಥ ಘೋಷಣೆಗಳನ್ನು ಅವಳು ಬೇಕಾದಷ್ಟು ಕೇಳಿದ್ದಳು. ಹಿಂದಿನ ಘೋಷಣೆಯ ಫಲವಾಗಿ ಮನೆಯ ಹಿಂದೆ ಒಂದು ದೋಣಿ ಬಿದ್ದಿತ್ತು. ಆರ್ವೊ ಸ್ವಂತ ಕೈಯಿಂದ ಕಟ್ಟಿದ ದೋಣಿ. ನೀರಿಗಿಳಿಸಿದರೆ ಅದು ಬಲಕ್ಕೆ ಮಾತ್ರ ತಿರುಗುತ್ತಿತ್ತು.

ಈ ಸಲ ಆಯ್ಕೆಯಾಗಬೇಕಿದ್ದದ್ದು ಬಂದೂಕಿನ ಬೆನ್ನ ಮೇಲೆ ಕೂರಿಸುವ ಬೆರಳುದ್ದದ ಒಂದು ಕೊಳವೆ. ಅದರೊಳಗೆ ಕಣ್ಣಿಟ್ಟರೆ ಗಾಜಿನ ನಡುವೆ ಒಂದು ಕೆಂಪು ಚುಕ್ಕಿ ಹೊಳೆಯುತ್ತದೆ. ಚುಕ್ಕಿ ಎಲ್ಲಿ ಕೂತಿತೋ ಗುಂಡು ಅಲ್ಲಿಗೆ ಹೋಗುತ್ತದೆ. ಮಗುವಿಗೂ ಅರ್ಥವಾಗುವ ಯಂತ್ರ. ಆದರೆ ಆರ್ವೊ ಮಗುವಲ್ಲವಲ್ಲ! ಮೂರು ವಾರ ಕ್ಯಾಟಲಾಗುಗಳನ್ನು ಹರಡಿಕೊಂಡು ಕೂತ. ಗುರಿಹಲಗೆಗೆ ಹೊಡೆಯುವವರಿಗೆ ಸಣ್ಣ ಚುಕ್ಕಿ ಬೇಕಂತೆ, ಪೊದೆಯಿಂದ ನುಗ್ಗುವ ಪ್ರಾಣಿಗೆ ಹೊಡೆಯುವವರಿಗೆ ದೊಡ್ಡ ಚುಕ್ಕಿ ಬೇಕಂತೆ. ಆರ್ವೊಗೆ ಎರಡಕ್ಕೂ ಆಗುವ ಒಂದೇ ಚುಕ್ಕಿ ಬೇಕಿತ್ತು. ಮಳೆ, ಹಿಮ, ಮಂಜು ಯಾವುದಕ್ಕೂ ಜಗ್ಗಬಾರದು, ಬ್ಯಾಟರಿ ತನಗಿಂತ ಹೆಚ್ಚು ಕಾಲ ಬದುಕಬೇಕು. ಅವರ ಮದುವೆಗೆ ಮುಂಚೆ ಸಿರ್ಕಾಳ ಬಗ್ಗೆ ಅವನು ಇಷ್ಟು ವಿಚಾರಿಸಿರಲಿಲ್ಲ.

ಇಷ್ಟು ಹಾರಾಟಕ್ಕೆ ಕಾರಣ ಬೇಟೆಗಾರ ಹೊಂಚಿ ಕೂರುವ ಏಳನೇ ನಂಬರಿನ ಅಟ್ಟಣೆ. ಜವುಗು ನೆಲದ ಅಂಚಿನಲ್ಲಿ, ಸ್ಪ್ರೂಸ್ ಮರಗಳಿಗೆ ಒರಗಿ ನಿಂತ ಆ ಅಟ್ಟಣೆಯನ್ನು ಆರ್ವೊನ ಅಪ್ಪ ಎಲ್ಮೆರಿ ತಾನೇ ಕಟ್ಟಿ, ನಲವತ್ತು ಶರತ್ಕಾಲ ಅದರಲ್ಲೇ ಕೂತಿದ್ದ. ಕಾಡಿನ ಆ ಕಡೆಯಿಂದ ಜನ ಕೂಗುತ್ತ ಬಂದರೆ, ಜಿಂಕೆ ಜಾತಿಯ, ಕುದುರೆಗಿಂತ ಎತ್ತರದ ಮೂಸ್ ಪ್ರಾಣಿಗಳು ಬೇರೆಲ್ಲ ಬಿಟ್ಟು ಎಲ್ಮೆರಿಯ ಮುಂದೆಯೇ ಹೊರಬರುತ್ತಿದ್ದವು. ಹೋದ ಚಳಿಗಾಲ ಮುದುಕ ತೀರಿಕೊಂಡ. ಬೇಟೆ ಸಂಘದವರು ಸಭೆ ಸೇರಿ, ಟೋಪಿ ತೆಗೆದು ಒಂದು ನಿಮಿಷ ನಿಂತು, ಆ ಜಾಗ ಎಲ್ಮೆರಿಯ ಮನೆಗೇ ಹೋಗಲಿ ಎಂದು ತೀರ್ಮಾನಿಸಿದರು. ಆರ್ವೊ ಅಂದು ಮನೆಗೆ ಬಂದು ಅಪ್ಪನ ಕುರ್ಚಿಯ ಮುಂದೆ ಬಹಳ ಹೊತ್ತು ನಿಂತಿದ್ದನ್ನು ಸಿರ್ಕಾ ಕಂಡೂ ಕಾಣದಂತೆ ಒಳಗೆ ಹೋಗಿದ್ದಳು.

ಒಂದೇ ತೊಡಕು. ಮೂಸ್ ಬೇಟೆಗೆ ಬಂದೂಕು ಹಿಡಿಯಬೇಕಾದರೆ ಮೂರು ವರ್ಷಕ್ಕೊಮ್ಮೆ ಗುರಿ ಹೊಡೆಯುವ ಪರೀಕ್ಷೆ ಪಾಸಾಗಬೇಕು. ಆರ್ವೊ ಕಳೆದ ಸಲ ಹೇಗೋ ದಡ ಸೇರಿದ್ದ, ಅದರ ಅವಧಿ ಈ ಬೇಸಿಗೆಗೆ ಮುಗಿದಿತ್ತು. ಪಾಸಾಗದವನು ಬರಿಗೈಯಲ್ಲಿ ಬೇಟೆ ಅಟ್ಟುವವರ ಸಾಲಿನಲ್ಲಿ ನಿಂತು, ಮೊಣಕಾಲುದ್ದದ ಕೆಸರಿನಲ್ಲಿ ಹೋ ಹೋ ಎಂದು ಕೂಗುತ್ತ ಬರಬೇಕು. ಎಲ್ಮೆರಿಯ ಮಗ, ಏಳನೇ ನಂಬರಿನ ವಾರಸುದಾರ, ಕೆಸರಿನಲ್ಲಿ ಕೂಗುವುದೇ! ಸಾಧ್ಯವಿಲ್ಲ ಎಂದುಕೊಂಡ.

"ಅದಕ್ಕೆ ಕೊಳವೆ ಯಾಕೆ? ಕಣ್ಣಿನ ಡಾಕ್ಟ್ರ ಹತ್ರ ಹೋಗು ಅಂತ ಮೂರು ಸಲ ದಿನ ಗೊತ್ತು ಮಾಡಿದ್ದೆ," ಎಂದಳು ಸಿರ್ಕಾ. "ಒಂದ್ಸಲ ಚಿಮಣಿ ಗುಡಿಸ್ದೆ, ಒಂದ್ಸಲ ಹಲ್ಲುನೋವು ಅಂದೆ. ಇನ್ನೊಂದ್ಸಲ ಅಲ್ಲಿವರೆಗೆ ಹೋಗಿ ಮೀನು ಕೊಂಡ್ಕೊಂಡು ಬಂದೆ."

"ನಮ್ಮ ವಂಶದಲ್ಲಿ ಕನ್ನಡಕ ಹಾಕಿದೋರೇ ಇಲ್ಲ ಕಣೇ. ಅಪ್ಪ ಎಂಬತ್ತೊಂದನೇ ವಯಸ್ಸಲ್ಲೂ ಜವುಗಿನ ಆಚೆ ನಿಂತ ಮೂಸ್‌ನ ಕೊಂಬಿನ ಕವಲು ಎಣಿಸ್ತಿದ್ದ. ಗಿಡುಗನ ಕಣ್ಣು ನಮ್ದು."

ಆ ಗಿಡುಗ ಮನೆಯಲ್ಲಿ ಮಾತ್ರ ಪತ್ರಿಕೆಯನ್ನು ಸೊಸೆಯ ಕೈಯಲ್ಲೇ ಓದಿಸಿ ಕೇಳುತ್ತಿತ್ತು. ನಿನ್ನ ದನಿ ಚೆನ್ನಾಗಿದೆ ಮಗಳೇ, ಎನ್ನುತ್ತಿತ್ತು. ಸಿರ್ಕಾಗೆ ಇದು ನೆನಪಾಯಿತು. ಆದರೆ ತೀರಿಹೋದ ಮಾವನ ಮಾತು ಬೆಳಗಿನ ಜಗಳಕ್ಕೆ ಬೇಡವೆಂದು ಇನ್ನೊಂದು ತುಂಡು ಬ್ರೆಡ್ಡಿಗೆ ಬೆಣ್ಣೆ ಹಚ್ಚಿದಳು.

ಮೊದಲನೇ ಕೊಳವೆ ಪೇಟೆಯ ಲಿಲ್ಯಾಳ ಬೇಟೆ ಸಾಮಾನಿನ ಅಂಗಡಿಯಿಂದ ಬಂತು. ಆರ್ವೊ ಕಣ್ಣಿಟ್ಟು ನೋಡಿದ. ಚುಕ್ಕಿಗೆ ಬಾಲವಿತ್ತು! ದುಂಡಗಿರಬೇಕಾದ ಚುಕ್ಕಿ ಎಡಕ್ಕೆ ಬಾಲ ಎಳೆದುಕೊಂಡು ಅಲ್ಪವಿರಾಮದ ಹಾಗೆ ನಿಂತಿತ್ತು. ಮರುದಿನವೇ ಹೋಗಿ ಅದನ್ನು ಅಂಗಡಿಯ ಮೇಜಿನ ಮೇಲೆ ಕುಕ್ಕಿ, ಬೇರೆಯದನ್ನು ತಂದ. ಎರಡನೆಯದು ಅದಕ್ಕಿಂತ ಹೆಸರುವಾಸಿಯಾದದ್ದು. ಅದರ ಚುಕ್ಕಿ ದ್ರಾಕ್ಷಿ ಗೊಂಚಲಿನಂತಿತ್ತು. ಮೂರನೆಯದರಲ್ಲಿ ಬಾಲ ಇನ್ನೂ ಉದ್ದವಾಗಿ ಧೂಮಕೇತುವೇ ಆಗಿತ್ತು. ಇಡೀ ಯುರೋಪಿನಲ್ಲಿ ಒಂದು ಚುಕ್ಕಿಯನ್ನು ದುಂಡಗೆ ಮಾಡುವ ಯೋಗ್ಯತೆ ಯಾರಿಗೂ ಉಳಿದಿಲ್ಲವೆಂದು ಅವನು ಅಂಗಡಿಯಲ್ಲಿ ನಿಂತು ಭಾಷಣ ಮಾಡಿದ. ಲಿಲ್ಯಾ ಮೂರು ಸಲವೂ ತಾನೇ ಕಣ್ಣಿಟ್ಟು ನೋಡಿ, ಮೂರು ಸಲವೂ ತುಟಿ ಬಿಗಿಹಿಡಿದು ಬದಲಾಯಿಸಿಕೊಟ್ಟಳು. ನಾಲ್ಕನೆಯದನ್ನು ಕೊಡುವಾಗ ಮಾತ್ರ, ಬೇಸರ ಮಾಡ್ಕೋಬೇಡಿ, ಕಣ್ಣು ಯಾವಾಗ ತೋರಿಸಿದ್ರಿ, ಎಂದು ಮೆಲ್ಲಗೆ ಕೇಳಿದಳು. ತಾನು ಕೊಳ್ಳಲು ಬಂದಿರುವುದು ಕೊಳವೆಯೇ ಹೊರತು ಕಣ್ಣಲ್ಲವೆಂದು ಹೇಳಿ ಆರ್ವೊ ಬಾಗಿಲನ್ನು ದಡಾರನೆ ಎಳೆದುಕೊಂಡು ಬಂದ.

ಮನೆಯಲ್ಲಿ ಇನ್ನೊಂದು ಕಷ್ಟವಿತ್ತು. ಬಂದೂಕು ಕಬ್ಬಿಣದ ಬೀರುವಿನಿಂದ ಹೊರಬರುವುದು ಶೂಟಿಂಗ್ ಮೈದಾನಕ್ಕೆ ಹೋಗುವ ದಿನ ಮಾತ್ರ ಎಂಬುದು ಸಿರ್ಕಾಳ ಕಾನೂನು. ಅಡುಗೆಮನೆಯಲ್ಲಿ ಗುರಿ ಹಿಡಿದು ನೋಡುವುದೆಲ್ಲ ನಡೆಯುವುದಿಲ್ಲ. ಆದರೆ ಕೊಳವೆಯನ್ನು ಕೈಯಲ್ಲಿ ಹಿಡಿದು ನೋಡಿದರೆ ನಡುಗುತ್ತದೆ. ಕೊನೆಗೆ ಆರ್ವೊನ ತಲೆಗೆ ಮಹಾ ಉಪಾಯವೊಂದು ಹೊಳೆಯಿತು. ಹಬೆಸ್ನಾನದ ಕೋಣೆಯಾದ ಸೌನಾದಲ್ಲಿ ಕಾದ ಕಲ್ಲುಗಳ ಮೇಲೆ ನೀರೆರೆಯುವ ಉದ್ದ ಹಿಡಿಯ ಮರದ ಸೌಟಿತ್ತಲ್ಲ, ಅದರ ಹಿಡಿಗೆ ನಾಲ್ಕನೇ ಕೊಳವೆಯನ್ನು ಅಂಟುಪಟ್ಟಿಯಿಂದ ಬಿಗಿದ. ಸೌಟನ್ನು ಹೆಗಲಿಗಾನಿಸಿ ಗೋಡೆ ಗಡಿಯಾರಕ್ಕೆ ಗುರಿಯಿಟ್ಟ, ಹೂಕುಂಡಕ್ಕಿಟ್ಟ, ಕಿಟಕಿಯಾಚೆ ಹೋಗುತ್ತಿದ್ದ ಅಂಚೆಯವನಿಗಿಟ್ಟ. ಅಂಚೆಯವನು ಕೈ ಬೀಸಿ, ಅಂದಿನಿಂದ ಕಾಗದಗಳನ್ನು ಗೇಟಿನ ಹೊರಗೇ ಇಟ್ಟು ಹೋಗತೊಡಗಿದ. ಎಲ್ಲಿ ಗುರಿಯಿಟ್ಟರೂ ಅದೇ ಅಲ್ಪವಿರಾಮ.

ಪರೀಕ್ಷೆ ಭಾನುವಾರ. ಶನಿವಾರ ಮಧ್ಯಾಹ್ನ ಆರ್ವೊ ಸೌನಾಕ್ಕೆ ಬೆಂಕಿ ಹಾಕಿ, ತಲೆಬಿಸಿಯಲ್ಲಿ ಸೌಟನ್ನು ಹಾಗೆಯೇ ಬಕೆಟ್ಟಿನಲ್ಲಿಟ್ಟು, ಮೈಗೆ ಬಡಿದುಕೊಳ್ಳುವ ಬರ್ಚ್ ಸೊಪ್ಪಿನ ಕಟ್ಟು ತರಲು ಹಿತ್ತಲಿಗೆ ಹೋದ. ಸಿರ್ಕಾ ಮೊದಲೇ ಒಳಗೆ ಹೋಗಿ ಕೂತಳು. ಅವನು ಬರುವಷ್ಟರಲ್ಲಿ ಒಳಗಿನಿಂದ ಚುಸ್ ಎಂಬ ಸದ್ದು ಕೇಳುತ್ತಿತ್ತು, ಜೊತೆಗೆ ನಗು. ಬಾಗಿಲು ತೆಗೆದರೆ ಹಬೆಯ ನಡುವೆ ಹೆಂಡತಿ ಮೇಲಿನ ಹಲಗೆಯ ಮೇಲೆ ಕೂತು, ಒಂದು ಕಣ್ಣು ಮುಚ್ಚಿ, ಸೌಟಿನ ಹಿಡಿಯ ಕೊಳವೆಯೊಳಗಿಂದ ಒಲೆಯ ಕಲ್ಲುಗಳಿಗೆ ಗುರಿಯಿಡುತ್ತಿದ್ದಳು.

ಆರ್ವೊನ ಎದೆ ಒಡೆಯಿತು. ಆ ಬಿಸಿಗೆ, ಆ ನೀರಿಗೆ, ಅವನ ನಾಲ್ಕನೇ ಚುಕ್ಕಿ! ಆದರೆ ಮಳೆ, ಹಿಮ, ಮಂಜಿಗೆ ಜಗ್ಗದ ಆ ಯಂತ್ರ ಸಿರ್ಕಾಗೂ ಜಗ್ಗಿರಲಿಲ್ಲ.

"ಎಷ್ಟು ಚೆನ್ನಾಗಿದೆ ಮಾರಾಯ ಇದು," ಎಂದಳು ಅವಳು. "ನಡುವಿನ ಕಲ್ಲಿಗೇ ಬೀಳ್ತಾ ಇದೆ ನೀರು. ಇದನ್ನ ಇಲ್ಲೇ ಬಿಡು, ತೆಗೀಬೇಡ."

"ಬಾಲ ಕಾಣಲ್ವಾ ನಿಂಗೆ?"

"ಯಾವ ಬಾಲ? ಕಾಡುಹಣ್ಣಿನ ಹಾಗೆ ದುಂಡಗಿದೆ."

ಹಬೆಯಲ್ಲಿ ನಿನ್ನ ಕಣ್ಣು ಮಂಜಾಗಿರಬೇಕು ಎಂದ ಆರ್ವೊ. ಸಿರ್ಕಾ ಅವನನ್ನೂ ಸೌಟನ್ನೂ ಹೊರಗಿನ ಮೆಟ್ಟಿಲಿಗೆ ಎಳೆದು ತಂದಳು. ಇಬ್ಬರೂ ಟವೆಲು ಸುತ್ತಿಕೊಂಡು, ಮೈಯಿಂದ ಹಬೆ ಏಳುತ್ತ ನಿಂತರು.

"ಈಗ ನೋಡು. ಬಾಲ ಯಾವ ಕಡೆ ಇದೆ?"

"ಎಡಕ್ಕೆ."

"ಸೌಟು ತಿರುಗಿಸಿ ಅಡ್ಡ ಹಿಡಿ. ಈಗ?"

ಆರ್ವೊ ಸೌಟನ್ನು ಅಡ್ಡ ಹಿಡಿದು ಮತ್ತೆ ಕಣ್ಣಿಟ್ಟ. "ಎಡಕ್ಕೇ ಇದೆ," ಎಂದ.

"ಸೌಟು ತಿರುಗಿದ್ರೂ ಬಾಲ ತಿರುಗ್ಲಿಲ್ಲ ಅಂದ್ರೆ ಬಾಲ ಯಾರದ್ದು?"

ಆರ್ವೊ ಮನೆಯೊಳಗೆ ಓಡಿ ಫೋನು ತಂದ. ಕೊಳವೆಯ ಬಾಯಿಗೆ ಫೋನು ಹಿಡಿದು, ಲಿಲ್ಯಾಗೆ ಸಾಕ್ಷಿಯಾಗಿ ಕಳಿಸಲೆಂದು ಫೋಟೋ ತೆಗೆದ. ಕಣ್ಣಿನ ಹತ್ತಿರ, ದೂರ, ತಲೆಕೆಳಗೆ ಮಾಡಿ ಚಿತ್ರ ನೋಡಿದ. ಕಣ್ಣು ಕಿರಿದು ಮಾಡಿದಾಗ ಮಾತ್ರ ತಿಳಿಯಿತು. ಚಿತ್ರದಲ್ಲಿ ಚುಕ್ಕಿ ಕೈವಾರದಲ್ಲಿ ಬರೆದಷ್ಟು ದುಂಡಗಿತ್ತು. ಈಗಿನ ಫೋನುಗಳು ಎಲ್ಲವನ್ನೂ ಚೆಂದ ಮಾಡಿ ತೋರಿಸುತ್ತವೆ, ನಂಬುವಂತಿಲ್ಲ, ಎಂದು ಘೋಷಿಸಿ ಅವನು ಸೌನಾಕ್ಕೆ ಹೋದ. ಅಂದು ಎಂದಿಗಿಂತ ಹೆಚ್ಚು ಹೊತ್ತು ಒಳಗೇ ಕೂತಿದ್ದ.

ಭಾನುವಾರ ಬೇಟೆ ಸಂಘದ ಮುಖ್ಯಸ್ಥ ಕಾಲೆವಿ ಕೊಳವೆಯನ್ನು ಬಂದೂಕಿಗೆ ಕೂರಿಸಿ, ತಾನೇ ಕೆಲವು ಗುಂಡು ಹೊಡೆದು, ಚುಕ್ಕಿ ಕೂತಲ್ಲೇ ಗುಂಡು ಬೀಳುವಂತೆ ತಿರುಪು ಸರಿಪಡಿಸಿಕೊಟ್ಟ. ಒಳ್ಳೆ ಆಯ್ಕೆ ತಮ್ಮಾ, ಎಂದು ಬೆನ್ನು ತಟ್ಟಿದ. ಎಪ್ಪತ್ತೈದು ಮೀಟರ್ ದೂರದಲ್ಲಿ ಹಲಗೆಯ ಮೂಸ್ ನಿಂತಿತ್ತು. ಒಂದೂವರೆ ನಿಮಿಷದಲ್ಲಿ ನಾಲ್ಕು ಗುಂಡು, ನಾಲ್ಕೂ ಅದರ ಎದೆಯ ಮೇಲಿನ ಊಟದ ತಟ್ಟೆಯಷ್ಟು ಜಾಗಕ್ಕೆ ಬೀಳಬೇಕು. ಆರ್ವೊ ಆ ಜಾಗದ ಮೇಲೆ ಒಮ್ಮೆ ಚುಕ್ಕಿಯ ತಲೆಯನ್ನಿಟ್ಟ, ಒಮ್ಮೆ ಬಾಲವನ್ನಿಟ್ಟ. ಒಂದು ಗುಂಡು ತಟ್ಟೆಯೊಳಗೆ ಬಿತ್ತು. ಇನ್ನೊಂದು ಹೊಟ್ಟೆಗೆ, ಮತ್ತೊಂದು ಮೊಣಕಾಲಿಗೆ. ನಾಲ್ಕನೆಯದು ಎಲ್ಲಿಗೆ ಹೋಯಿತೆಂದು ಇಂದಿಗೂ ಯಾರಿಗೂ ಗೊತ್ತಿಲ್ಲ. ಎರಡನೇ ಸಲವೂ ಹಾಗೆಯೇ ಆಯಿತು, ಮೂರನೇ ಸಲ ಇನ್ನೂ ಕೆಟ್ಟಿತು. ಬೇಟೆಯ ಕಾಲಕ್ಕೆ ಮುಂಚೆ ಆ ಸುತ್ತಮುತ್ತಲಲ್ಲಿ ಅದೇ ಕೊನೆಯ ಪರೀಕ್ಷೆ.

ಆರ್ವೊ ಬಂದೂಕನ್ನು ಮೇಜಿನ ಮೇಲಿಟ್ಟು, ಎಲ್ಲರಿಗೂ ಕೇಳುವಂತೆ, "ಚುಕ್ಕಿ ಸರಿಯಿಲ್ಲ," ಎಂದ.

ಸಿರ್ಕಾ ಮುಂದೆ ಬಂದಳು. ವಸಂತದಲ್ಲಿ ಅವಳು ಬೇಟೆಗಾರರ ಪುಸ್ತಕ ಓದಿ ಪರವಾನಗಿ ಪಡೆದಿದ್ದಳು. ಇಪ್ಪತ್ತು ವರ್ಷ ಈ ಸಂಘಕ್ಕೆ ಸೂಪು ಕುದಿಸಿ ಸಾಕಾಗಿದೆ, ಎಂದು ಕಾರಣ ಹೇಳಿದ್ದಳು. ಮೈದಾನಕ್ಕೂ ಆಗಾಗ ಹೋಗಿ ಬರುತ್ತಿದ್ದಳು. ಅದನ್ನು ಗಂಭೀರವಾಗಿ ತೆಗೆದುಕೊಳ್ಳದವನು ಊರಿನಲ್ಲಿ ಒಬ್ಬನೇ. "ಸರಿಯಿಲ್ಲದ ಚುಕ್ಕಿ ತಾನೆ, ನಾನೊಂದು ಸಲ ನೋಡ್ತೀನಿ," ಎಂದು ಅದೇ ಬಂದೂಕನ್ನೆತ್ತಿದಳು. ನಾಲ್ಕು ಗುಂಡು, ನಾಲ್ಕೂ ತಟ್ಟೆಯೊಳಗೆ. ತಟ್ಟೆಯೇನು, ಕಾಫಿ ಸಾಸರ್ ಸಾಕಾಗುತ್ತಿತ್ತು.

ಯಾರೂ ನಗಲಿಲ್ಲ. ನಕ್ಕಿದ್ದರೆ ಆರ್ವೊಗೆ ಸುಲಭವಾಗುತ್ತಿತ್ತು. ಏಳನೇ ನಂಬರು ಎಲ್ಮೆರಿಯ ಮನೆಗೇ ಹೋಗಬೇಕೆಂದು ಸಭೆಯಲ್ಲಿ ಬರೆದಾಗಿದೆ, ಮನೆಯಲ್ಲಿ ಯಾರು ಎಂದು ಬರೆದಿಲ್ಲ, ಎಂದು ಕಾಲೆವಿ ಸಿರ್ಕಾಳ ಹೆಸರಿನ ಮುಂದೆ ಪಾಸ್ ಎಂದು ಬರೆದು ಗಡ್ಡ ಕೆರೆದುಕೊಂಡ. ಮನೆಯ ಅಂಗಳದಲ್ಲಿ ಕಾರು ನಿಂತ ಮೇಲೆ ಆರ್ವೊ ಎದುರಿನ ಗಾಜನ್ನೇ ನೋಡುತ್ತ, "ಆ ಡಾಕ್ಟ್ರ ಫೋನ್ ನಂಬರ್ ಇದ್ಯಾ?" ಎಂದು ಕೇಳಿದ.

ಡಾಕ್ಟರು ಐದೇ ನಿಮಿಷದಲ್ಲಿ ಹೇಳಿಬಿಟ್ಟರು. ಬಲಗಣ್ಣಿನ ಗುಡ್ಡೆಯ ಉಬ್ಬು ಸಮವಾಗಿಲ್ಲವಂತೆ, ಹುಟ್ಟಿನಿಂದಲೇ. ದುಂಡಗಿನ ಚುಕ್ಕಿಗೆ ಬಾಲ ಬರುವುದು ಅದರಿಂದಲೇ ಅಂತೆ. ಸಾಮಾನ್ಯವಾಗಿ ಅಪ್ಪ ಅಮ್ಮನಿಂದ ಬರುವಂಥದು, ನಿಮ್ಮ ಮನೆಯಲ್ಲಿ ಯಾರಿಗಾದರೂ ಇತ್ತೇ, ಎಂದು ಕೇಳಿದರು. ಯಾರಿಗೂ ಇಲ್ಲವೆಂದು ಆರ್ವೊ ಎದೆ ತಟ್ಟಿ ಹೇಳಿ ಬಂದ.

ಅಕ್ಟೋಬರಿನ ಬೇಟೆಯ ಮೊದಲ ದಿನ ಏಳನೇ ನಂಬರಿನ ವಾರಸುದಾರ ಕಿತ್ತಳೆ ಬಣ್ಣದ ಅಂಗಿ ತೊಟ್ಟು, ಹೊಸ ಕನ್ನಡಕ ಹಾಕಿಕೊಂಡು, ಮೊಣಕಾಲುದ್ದದ ಕೆಸರಿನಲ್ಲಿ ಅಟ್ಟುವವರ ಸಾಲಿನಲ್ಲಿ ನಿಂತಿದ್ದ. ಮರಗಳಲ್ಲಿ ಇಷ್ಟೊಂದು ಎಲೆಗಳಿವೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಸುಮ್ಮನೆ ನೋಡುತ್ತ ನಿಂತು ಎರಡು ಸಲ ಜಾರಿ ಬಿದ್ದ. ಆದರೂ ಮನಸ್ಸು ಮಾತ್ರ ಜವುಗಿನ ಆಚೆ, ಈಗ ಸಿರ್ಕಾ ಕೂತಿದ್ದ ಅಪ್ಪನ ಅಟ್ಟಣೆಯಲ್ಲಿತ್ತು. ಅಪ್ಪನ ಹೆಸರು ಕೆಡಿಸಿದೆನಲ್ಲ ಎಂದು ಮತ್ತೆ ಮತ್ತೆ ಅಂದುಕೊಳ್ಳುತ್ತಿದ್ದ.

ಕೂಗಲು ಅಪ್ಪಣೆ ಬರುವುದನ್ನೇ ಎಲ್ಲರೂ ಕಾಯುತ್ತಿದ್ದರು. ಅಷ್ಟರಲ್ಲಿ ರೇಡಿಯೋ ಕರಕರ ಎಂದಿತು. ರೇಡಿಯೋದಲ್ಲಿ ಒಬ್ಬರಾಡಿದ ಮಾತು ಸಂಘದ ಹದಿನೆಂಟು ಜನರ ಕಿವಿಗೂ ಬೀಳುತ್ತದೆ.

"ಆರ್ವೊ, ಕೇಳಿಸ್ತಾ ಇದ್ಯಾ?" ಸಿರ್ಕಾಳ ದನಿ. "ಇಲ್ಲಿ ಸೂರಿನ ತೊಲೆ ಸಂದಿಯಲ್ಲಿ ಒಂದು ಹಳೇ ಕಾಫಿ ಡಬ್ಬಿ ಸಿಕ್ತು. ಒಳಗೆ ಉಣ್ಣೆ ಕಾಲ್ಚೀಲ. ಮಾವಂದು, ನಾನೇ ಹೆಣೆದಿದ್ದು."

"ಅದಕ್ಕೇನೀಗ?"

"ಕಾಲ್ಚೀಲದೊಳಗೆ ನಿಮ್ಮ ವಂಶದ ಗಿಡುಗನ ಕಣ್ಣಿದೆ. ಕಿವಿಗೆ ಸಿಕ್ಕಿಸೋ ಒಂದು ಕಡ್ಡಿ ಮುರಿದಿದೆ, ತಂತಿ ಸುತ್ತಿದಾರೆ."

ರೇಡಿಯೋದಲ್ಲಿ ಕಾಲೆವಿ ಕೆಮ್ಮಿದ್ದು ಕೇಳಿಸಿತು. ಕನ್ನಡಕದ ವಿಷಯ ಯಾರಿಗೂ ಹೇಳಬಾರದೆಂದು ಮುದುಕ ನನ್ನಿಂದ ಆಣೆ ಹಾಕಿಸಿಕೊಂಡಿದ್ದ, ಮೂವತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದೆ, ಎಂದು ಒಪ್ಪಿಕೊಂಡ.

ಆರ್ವೊ ಕೆಸರಿನ ನಡುವೆ ಬಿದ್ದಿದ್ದ ಮರದ ಮೇಲೆ ಕುಳಿತುಬಿಟ್ಟ. ಕನ್ನಡಕದ ಗಾಜು ಮಂಜಾಯಿತು. ಅಂಗಿಯ ತುದಿಯಿಂದ ಒರೆಸಿಕೊಂಡು ಮತ್ತೆ ಹಾಕಿಕೊಂಡ. ರೇಡಿಯೋದ ಗುಂಡಿ ಒತ್ತಿ, "ಯಾವ ಗಾಜು ದಪ್ಪ ಇದೆ, ನೋಡು," ಎಂದ.

"ಬಲಗಡೇದು."

"ಹೂಂ," ಎಂದ ಆರ್ವೊ. ಎದ್ದು ನಿಂತು, ಅಪ್ಪಣೆಗೂ ಕಾಯದೆ, ಎಲ್ಮೆರಿಯ ಮಗನಿಗೆ ತಕ್ಕ ಗಂಟಲಿನಲ್ಲಿ ಹೋ ಹೋ ಎಂದು ಕೂಗುತ್ತ ಏಳನೇ ನಂಬರಿನ ಕಡೆಗೆ ನಡೆಯತೊಡಗಿದ.