ಸಂಗಣ್ಣನ ಆಷಾಢ ಸಂಶೋಧನೆ

ಆಷಾಢವನ್ನು ಕಂಡುಹಿಡಿದವನು ಖಂಡಿತ ಮದುವೆಯಾದವನಲ್ಲ ಎಂಬುದು ಕಾಲೇಜು ಉಪನ್ಯಾಸಕ ಸಂಗಣ್ಣನ ಖಚಿತ ಅಭಿಪ್ರಾಯ. ಮದುವೆಯಾಗಿ ಮೂರೇ ತಿಂಗಳು; ಹೆಂಡತಿ ಗುರುಬಾಯಿ ತವರೂರು ತಿಕೋಟಾಕ್ಕೆ ಹೋಗಿಬಿಟ್ಟಿದ್ದಳು. ಹೋಗುವಾಗ ತವರಿನವರು ಕೊಟ್ಟ ಟ್ರಾನ್ಸಿಸ್ಟರನ್ನೂ ಒಯ್ದಿದ್ದಳು.

ಸಂಗಣ್ಣ ವಿಜಾಪುರದ ಓಣಿಗಳ ಬೆಳವಣಿಗೆಯ ಮೇಲೆ ಮಹಾಪ್ರಬಂಧ ಬರೆಯುತ್ತಿದ್ದ. ಟೇಪು ಹಿಡಿದು ಓಣಿ ಅಳೆಯುವುದು ವಿದ್ವತ್ತು, ಕಡ್ಡಿಪೆಟ್ಟಿಗೆಯ ಚಿತ್ರ ಕೂಡಿಡುವುದು ಹವ್ಯಾಸ, ಸಿನಿಮಾ ಹಾಡು ಮಾತ್ರ ಗುಟ್ಟಿನ ಹುಚ್ಚು. (ಕಾಲೇಜಿನಲ್ಲಿ ಗೊತ್ತಾದರೆ ಮರ್ಯಾದೆ ಏನಾದೀತು!) ಬುಧವಾರ ಸಂಜೆ ಗಂಡ ಹೆಂಡತಿ ಇಬ್ಬರೂ ರೇಡಿಯೋಕ್ಕೆ ಕಿವಿ ಹಚ್ಚಿ, ಈ ವಾರ ಯಾವ ಹಾಡು ಮೊದಲನೆಯದೆಂದು ಪಣ ಕಟ್ಟುತ್ತಿದ್ದರು. ಸೋತವರು ಚಹಾ ಮಾಡಬೇಕು. ಈಗ ಗೆದ್ದರೂ ಸೋತರೂ ಚಹಾ ಅವನೇ ಮಾಡಿಕೊಳ್ಳಬೇಕಿತ್ತು.

ಮೂರನೆಯ ಬುಧವಾರ ಜ್ಞಾನೋದಯವಾಯಿತು. ಹಳ್ಳಿಯನ್ನು ನೋಡದೆ ನಗರದ ಅಧ್ಯಯನ ಪೂರ್ಣವಾಗುವುದೆಂತು? ಯಾವ ಹಳ್ಳಿ ಎಂಬ ಬಗ್ಗೆ ಹೆಚ್ಚು ಚರ್ಚೆ ಬೇಕಾಗಲಿಲ್ಲ. ಮಧ್ಯಾಹ್ನದ ಬಸ್ಸಿಗೇ ತಿಕೋಟಾದಲ್ಲಿ ಇಳಿದ.

ಅತ್ತೆ ಸಾವಂತ್ರವ್ವ ಬಾಗಿಲಲ್ಲೇ ತಡೆದಳು.

"ಅಲ್ಲೇ ನಿಂದರ್ರಿ! ಆಷಾಢದಾಗ ಅತ್ತಿ ಅಳಿಯಾ ಒಂದ ಹೊಸ್ತಿಲಾ ದಾಟಬಾರದು."

"ನಾ ಅಳಿಯಾ ಆಗಿ ಬಂದಿಲ್ಲರಿ. ಅಭ್ಯಾಸಕ್ಕ ಬಂದೀನಿ."

"ಹಂಗಾರ ಎದುರಿನ ಕಟ್ಟಿ ಮ್ಯಾಲ ಕುಂತ ಅಭ್ಯಾಸ ಮಾಡ್ರಿ."

ಎದುರುಮನೆಯ ದಾವಲಬಿಯ ಕಟ್ಟೆಯ ಮೇಲೆ ವಿದ್ವಾಂಸರು ಆಸೀನರಾದರು. ಆಚೆ ಅತ್ತೆಯ ಮನೆಯ ಕಿಟಕಿಯಲ್ಲಿ ಹಸಿರು ಬಳೆಯ ಕೈಯೊಂದು ಕಾಣಿಸಿತು. ಸಂಗಣ್ಣ ನೋಟ್‌ಬುಕ್ ತೆರೆದು ಗಟ್ಟಿಯಾಗಿ ಕೇಳಿದ:

"ಈ ಮನ್ಯಾಗಿನವರು ವಿಜಾಪುರಕ್ಕ ಎಷ್ಟ ಸಲ ಹೋಗ್ತೀರಿ?"

"ಕರಕೊಂಡ ಹೋಗಾವ್ರು ಕೇಳಿದ್ರ ಈಗಿಂದೀಗ ಹೊಂಡತೇನ್ರಿ" ಎಂದಿತು ಕಿಟಕಿ.

ಸಂಗಣ್ಣ ಆ ಉತ್ತರವನ್ನು ಮೂರು ಸಲ ಬರೆದುಕೊಂಡ.

"ಪಾಪ, ಮಾರಿ ಹೆಂಗ ಬಾಡೇತಿ ನೋಡ ಬೇ ಸಾವಂತ್ರಿ" ಎಂದು ದಾವಲಬಿ ನಕ್ಕಳು. ಸಾವಂತ್ರವ್ವನ ಮನಸ್ಸೂ ಕರಗಿತು.

"ಬಾಯಿ ಬಿಟ್ಟ ಹೇಳ್ರಿ, ಏನ ಬೇಕು? ಶಾಸ್ತ್ರ ಒತ್ತಟ್ಟಿಗಿರಲಿ, ಇಲ್ಲ ಅನ್ನೂದಿಲ್ಲ."

ಅಷ್ಟರಲ್ಲಿ ಓಣಿಯ ಹಿರಿಯರೆಲ್ಲ ಸೇರಿಬಿಟ್ಟಿದ್ದರು. ಹೆಂಡತಿ ಬೇಕು ಎಂದು ನಾಲ್ಕು ಜನ ಹಿರಿಯರ ಮುಂದೆ ಯಾವ ಗಂಡಸು ಬಾಯಿ ಬಿಟ್ಟಾನು? ಸಂಗಣ್ಣ ಕೆಮ್ಮಿದ, ಬೆವರಿದ.

"ರೇ... ರೇಡಿಯೋ ಬೇಕಾಗಿತ್ತರಿ" ಎಂದುಬಿಟ್ಟ.

ಕಿಟಕಿಯ ಕೈ ಒಳಗೆ ಸರಿಯಿತು. ದಾವಲಬಿ ಆಚೆ ಮನೆಗೆ ಹೋಗಿ ಟ್ರಾನ್ಸಿಸ್ಟರ್ ತಂದು ಅವನ ತೊಡೆಯ ಮೇಲಿಟ್ಟಳು.

"ಗುರುಬಾಯಿ ಹೊಸಾ ಸೆಲ್ ಹಾಕ್ಯಾಳಂತ. ದೀಪಾವಳಿ ತನಕಾ ಬರ್ತಾವಂತ. ಅಲ್ಲೀ ತನಕಾ ನಿಮಗ ಆಕೀದೇನೂ ಜರೂರ ಇಲ್ಲಲ್ಲ, ಇಲ್ಲೇ ಇರ್ತಾಳಂತ!"

ಸಂಜೆಯ ಬಸ್ಸಿನಲ್ಲಿ ಪ್ರಯಾಣಿಕರು ಬಿಡಲಿಲ್ಲ, ರೇಡಿಯೋ ಹಚ್ಚಿಸಿಯೇ ಹಚ್ಚಿಸಿದರು. ಬಸ್ಸಿಗೆ ಬಸ್ಸೇ ತಲೆದೂಗಿತು.

"ಮಾವನ ಮನೀದೇನ್ರಿ ಸರ?" ಎಂದ ಕಂಡಕ್ಟರ್. "ಪುಣ್ಯವಂತ್ರು ಬಿಡ್ರಿ! ಬೇಕಾದ್ದ ಕೇಳಿ ಇಸಗೊಂಡ ಬಂದೀರಿ."

ಸಂಗಣ್ಣ ಹೊರಗಿನ ಕತ್ತಲೆಯ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡ.